ಕೆಳಗಿನ ತಟ್ಟೆಯ ರಷ್ಯಾ

ಬ್ಲೀಚಿಂಗ್ ಪೌಡರಿನ ವಾಸನೆ ಬಂದರೆ ಈಗಲೂ ನನ್ನ ಕಾಲು ಬಾಗಿಲಲ್ಲೇ ನಿಲ್ಲುತ್ತದೆ. ಮೊನ್ನೆ ಚಿಂತಾಮಣಿಯಲ್ಲಿ, ನಾನು ಇತಿಹಾಸ ಪಾಠ ಮಾಡುವ ಕಾಲೇಜಿನಲ್ಲಿ, ಬಿ.ಎ. ಪರೀಕ್ಷೆಯ ಮೇಲ್ವಿಚಾರಣೆಗೆ ಹೋದಾಗ ಹೀಗೇ ಆಯಿತು. ಹಿಂದಿನ ದಿನ ಮೋರಿ ಕಟ್ಟಿಕೊಂಡು ನೀರು ವರಾಂಡಕ್ಕೆ ಬಂದಿತ್ತಂತೆ, ಜವಾನ ಬೆಳಿಗ್ಗೆಯೇ ಪೌಡರಿಗೆ ಸುಣ್ಣ ಬೆರೆಸಿ ಉದ್ದಕ್ಕೂ ಚೆಲ್ಲಿದ್ದ. ಮಕ್ಕಳು ಮೂಗು ಮುಚ್ಚಿಕೊಂಡು ದಾಟಿ ಹೋದರು. ನಾನು ಪ್ರಶ್ನೆಪತ್ರಿಕೆಯ ಕಟ್ಟನ್ನು ಕಂಕುಳಲ್ಲಿ ಒತ್ತಿಕೊಂಡು ಚಪ್ಪಲಿ ಬಿಡಲು ಬಗ್ಗಿದೆ. "ಬಿಡೋದೇನ್ ಬೇಡ ಮೇಡಂ, ಹಂಗೇ ಬನ್ನಿ" ಅಂದ ಅವನು. ನಗಬೇಕಾದ ಜಾಗ ಅದು, ನಗು ಬರಲಿಲ್ಲ. ಸುಶೀಲತ್ತೆ ತೀರಿಕೊಂಡಾಗಿನಿಂದ ನಾನು ಹೀಗೇ ಇದ್ದೇನೆ. ನಗುವೂ ಅಷ್ಟಕ್ಕಷ್ಟೆ, ಅಳುವೂ ಅಷ್ಟಕ್ಕಷ್ಟೆ. ಊಟ ರುಚಿಯಾಗಿದೆಯೇ ಎಂದು ಯಾರಾದರೂ ಕೇಳಿದರೆ ಇನ್ನೊಂದು ತುತ್ತು ತಿಂದು ನೋಡಬೇಕಾಗುತ್ತದೆ.

ಜಂಗಮಕೋಟೆಯ ನಮ್ಮ ಮನೆಯಲ್ಲಿ ಈ ವಾಸನೆಗೆ ಒಂದು ಹೊಸ್ತಿಲಿತ್ತು. ಹಟ್ಟಿಯ ಆಚೆಗೆ ಹುಳದ ಮನೆ, ರೇಷ್ಮೆ ಹುಳುಗಳಿಗೆಂದೇ ಕಟ್ಟಿದ್ದು. ಅದರ ಬಾಗಿಲಲ್ಲಿ ಸುಣ್ಣ, ಬ್ಲೀಚಿಂಗ್ ಹಾಕಿದ ಗೋಣಿತಾಟು. ಚಪ್ಪಲಿ ಹೊರಗೆ ಬಿಟ್ಟು, ತಾಟು ತುಳಿದು, ಕೈ ತೊಳೆದೇ ಒಳಗೆ ಹೋಗಬೇಕು. ಹೂ ಮುಡಿದವರಿಗೆ ಪ್ರವೇಶವಿಲ್ಲ, ಘಮಘಮ ಎಣ್ಣೆ ಹಚ್ಚಿಕೊಂಡವರಿಗಿಲ್ಲ, ಬೀಡಿ ಸೇದಿ ಬಂದ ತಾತನಿಗಂತೂ ಇಲ್ಲವೇ ಇಲ್ಲ. ಮನೆಯ ಯಜಮಾನನೆಂದು ತಾತ ಊರೆಲ್ಲ ಮೀಸೆ ತಿರುವಿಕೊಂಡು ಓಡಾಡುತ್ತಿದ್ದ, ಆ ಬಾಗಿಲಲ್ಲಿ ಮಾತ್ರ ಕೈಕಟ್ಟಿ ನಿಂತು ಅವ್ವನ, ಅಂದರೆ ನಮ್ಮಜ್ಜಿಯ, ಅಪ್ಪಣೆ ಕಾಯುತ್ತಿದ್ದ. ಒಳಗೆ ಅರೆಗತ್ತಲು, ಹಿಪ್ಪುನೇರಳೆ ಸೊಪ್ಪಿನ ಹಸಿ ವಾಸನೆ, ಬೊಂಬಿನ ಸ್ಟ್ಯಾಂಡಿನಲ್ಲಿ ಒಂದರ ಮೇಲೊಂದು ತಟ್ಟೆಗಳು. ದೊಡ್ಡ ಹುಳುಗಳು ಸೊಪ್ಪು ಮೇಯುವ ಸದ್ದು ಹಂಚಿನ ಮೇಲೆ ಸಣ್ಣ ಮಳೆ ಬಿದ್ದ ಹಾಗೆ. ಅಂಥ ಸದ್ದಿನೊಳಗೆ ಮಲಗಿ ಬೆಳೆದವರು ನಿಮ್ಮಲ್ಲೂ ಇದ್ದೀರಿ. ಅದು ನಿಂತುಹೋದ ಮನೆ ಎಷ್ಟು ಕಿವುಡಾಗಿರುತ್ತದೆಂದು ನಿಮಗೆ ನಾನು ಹೇಳಬೇಕಾಗಿಲ್ಲ.

ಸುಶೀಲತ್ತೆ ನಮ್ಮಪ್ಪನ ತಂಗಿ. ನಾನು ಮಿಡ್ಲ್ ಸ್ಕೂಲಿನಲ್ಲಿದ್ದಾಗ ಅವಳ ಬಿ.ಎ. ಮುಗಿದಿತ್ತು, ಮುಗಿದೂ ಇರಲಿಲ್ಲ. ಒಂದು ಪೇಪರ್ ಉಳಿದಿತ್ತು, ಆಧುನಿಕ ಜಗತ್ತಿನ ಇತಿಹಾಸ. ಅದಾದರೆ ಡಿಗ್ರಿ, ಡಿಗ್ರಿಯಾದರೆ ಬಿ.ಎಡ್., ಬಿ.ಎಡ್. ಆದರೆ ಟೀಚರು. ಅವಳು ಬಯಸಿದ್ದು ಅಷ್ಟೇ. ಮೊದಲ ಸಲ ಆ ಪೇಪರಿನಲ್ಲಿ ಫೇಲಾದಾಗ ತಾತ ಬೈಯಲಿಲ್ಲ, ಮುತ್ತುಗದ ಎಲೆಯ ಮೇಲಿನ ಅನ್ನ ಕಲಸುತ್ತಾ ಹೇಳಿದ: "ಇನ್ನೊಂದ್ ಸಲ ಬರಿ ತಾಯಿ. ಆಗ್ಲಿಲ್ಲಾ ಅಂದ್ರೆ ಸುಮ್ನೆ ಹುಳ ಮೇಯಿಸ್ಕೊಂಡಿರು, ಒಂದ್ ಗಂಡು ನೋಡಣ." ತಾತ ಒಮ್ಮೆ ಹೇಳಿದ ಮಾತನ್ನು ತಿರುಗಿ ಹೇಳುವವನಲ್ಲ. ಅತ್ತೆ ತಲೆ ಬಗ್ಗಿಸಿಕೊಂಡು ಸಾರು ಬಡಿಸಿದಳು.

ಓದಲು ಅವಳಿಗೆ ಬೇರೆ ಹೊತ್ತಿರಲಿಲ್ಲ. ದಿನವೆಲ್ಲ ಸೊಪ್ಪು ಕತ್ತರಿಸುವುದು, ಹಾಕುವುದು, ಹಿಕ್ಕೆ ತೆಗೆಯುವುದು. ಹಾಗಾಗಿ ಅವಳು ಓದನ್ನೇ ಹುಳದ ಮನೆಯೊಳಗೆ ತಂದಳು. ಪುಸ್ತಕ ತರುವ ಹಾಗಿಲ್ಲ, ಕೈ ಸೊಪ್ಪಿನ ಮೇಲಿರಬೇಕು. ಸೀಮೆಸುಣ್ಣದಲ್ಲಿ ಒಂದೊಂದು ತಟ್ಟೆಯ ಅಂಚಿಗೂ ಒಂದೊಂದು ದೇಶ ಬರೆದಳು. ಎಲ್ಲಕ್ಕಿಂತ ಮೇಲೆ ಅಮೆರಿಕ, ಅದರ ಕೆಳಗೆ ಫ್ರಾನ್ಸ್, ಆಮೇಲೆ ನೆಪೋಲಿಯನ್, ಇಟಲಿ, ಜರ್ಮನಿ, ಮೊದಲ ಮಹಾಯುದ್ಧ. ಕೊನೆಯ ತಟ್ಟೆ ನೆಲದ ತಂಪಿಗೆ ಹತ್ತಿರವಿತ್ತು, ಅದಕ್ಕೇ ಅದು ರಷ್ಯಾ. ಯಾವ ತಟ್ಟೆಗೆ ಸೊಪ್ಪು ಹಾಕುತ್ತಾಳೋ ಆ ದೇಶದ ಪಾಠ, ಸೊಪ್ಪು ಹಾಕಿ ಮುಗಿಯುವಷ್ಟರಲ್ಲಿ ಕಾರಣಗಳು, ಘಟನೆಗಳು, ಪರಿಣಾಮಗಳು ಒಪ್ಪಿಸಿ ಮುಗಿಯಬೇಕು. ಫ್ರಾನ್ಸಿಗೆ ಸೊಪ್ಪು ಬೇಕೆಂದೇ ತಡಮಾಡುತ್ತಿದ್ದಳು. ಹಸಿದ ಹುಳುಗಳೆಲ್ಲ ಕತ್ತೆತ್ತಿ ಆ ಕಡೆ ಈ ಕಡೆ ಆಡಿಸುತ್ತಿದ್ದವು. "ನೋಡೇ, ಪ್ಯಾರಿಸ್ನೋರು ರೊಟ್ಟಿ ಕೇಳೋಕೆ ಬೀದಿಗಿಳ್ದವ್ರೆ" ಎಂದು ನನಗೆ ತೋರಿಸುತ್ತಿದ್ದಳು. ನಾನು ಫ್ರೆಂಚ್ ಕ್ರಾಂತಿಯನ್ನು ಮೊದಲು ಕಂಡದ್ದು ಹಾಗೆ.

ಆದರೆ ಅವ್ವನಿಗೆ ಅವಳದೇ ಲೆಕ್ಕಾಚಾರವಿತ್ತು. ಮೇಲಿನ ತಟ್ಟೆಗೆ ಸೆಕೆ ಹೆಚ್ಚು, ಅಲ್ಲಿನ ಹುಳು ಬೇಗ ಬೆಳೆಯುತ್ತದೆ. ಕೆಳಗಿನದು ತಂಪಿಗೆ ಹಿಂದೆ ಬೀಳುತ್ತದೆ. ಎಲ್ಲವೂ ಒಟ್ಟಿಗೆ ಬೆಳೆಯಲೆಂದು ಅವ್ವ ತಟ್ಟೆಗಳನ್ನು ಮೇಲಿನದು ಕೆಳಗೆ, ಕೆಳಗಿನದು ಮೇಲೆ ಬದಲಾಯಿಸುತ್ತಲೇ ಇರುತ್ತಿದ್ದಳು. ಒಂದು ಬೆಳಿಗ್ಗೆ ಅತ್ತೆ ಹೋಗಿ ನೋಡಿದರೆ ಅಮೆರಿಕದ ಜಾಗದಲ್ಲಿ ಜರ್ಮನಿ, ಫ್ರಾನ್ಸು ನೆಲಕ್ಕೆ ಹತ್ತಿರ. ಅವಳು ಸೊಪ್ಪಿನ ಬುಟ್ಟಿ ಇಳಿಸಿ ಕೂತು ನಕ್ಕಳು ನೋಡಿ, ಹಾಗೆ ನಕ್ಕದ್ದನ್ನು ನಾನು ಆಮೇಲೆ ಹೆಚ್ಚು ಸಲ ಕಾಣಲಿಲ್ಲ. "ಅವ್ವಾ, ಜಗತ್ತನ್ನೆಲ್ಲಾ ತಲೆಕೆಳಗ್ ಮಾಡ್ಬಿಟ್ಯಲ್ಲ" ಅಂದಳು. ಅವ್ವ "ಹುಳ ಸಮ ಆಗ್ಬೇಕಲ್ಲಮ್ಮ" ಎಂದಳಷ್ಟೆ. ಅಂದಿನಿಂದ ಅತ್ತೆ ತಟ್ಟೆಯ ಮೇಲೆ ಬರೆಯುವುದು ಬಿಟ್ಟು ಸ್ಟ್ಯಾಂಡಿನ ಕಂಬದ ಮೇಲೆ, ತಟ್ಟೆ ಕೂರುವ ಜಾಗದ ಪಕ್ಕ ಬರೆದಳು. ಯಾವ ತಟ್ಟೆ ಎಲ್ಲಿ ಬಂದು ಕೂತರೂ ಅಲ್ಲಿನ ದೇಶ ಅಲ್ಲೇ ಇರುತ್ತಿತ್ತು. ಕಣ್ಣು ಮುಚ್ಚಿದರೆ ಸಾಕು, ಮೇಲಿನಿಂದ ಕೆಳಗಿನವರೆಗೆ ಒಂದೊಂದು ಜಾಗದ ಪಾಠವೂ ಅವಳಿಗೆ ಕಾಣುತ್ತಿತ್ತು.

ಹುಳುಗಳು ಪೊರೆ ಕಳಚುವ ಮುಂಚೆ ಮೇವು ಬಿಟ್ಟು ಅಲುಗಾಡದೆ ಕೂರುತ್ತವೆ, ನಮ್ಮ ಕಡೆ ಅದಕ್ಕೆ ಜ್ವರ ಅನ್ನುತ್ತಾರೆ. ಆ ದಿನ ಸೊಪ್ಪಿನ ಕೆಲಸವಿಲ್ಲ. ಪ್ರತಿ ಜ್ವರಕ್ಕೂ ಅತ್ತೆ ಒಂದು ಹಳೆಯ ಪ್ರಶ್ನೆಪತ್ರಿಕೆ ಬರೆಯುತ್ತಿದ್ದಳು. ಜೊತೆಗೆ ಓದಿ ಪಾಸಾಗಿದ್ದ ಅವಳ ಗೆಳತಿ ನಜೀಮಾ ಶಿಡ್ಲಘಟ್ಟದಿಂದ ಬಸ್ಸಿನಲ್ಲಿ ಬಂದು ಜಗಲಿಯ ಮೇಲೆ ಕೂತು ತಿದ್ದುತ್ತಿದ್ದಳು. ಅವಳ ತಂದೆಯದು ರೇಷ್ಮೆ ಗೂಡಿನಿಂದ ನೂಲು ಬಿಚ್ಚುವ ಕಸುಬು. "ಪೇಪರ್ ಪೂರಾ ಓದ್ಬೇಕು ಮೊದ್ಲು. ಆಮೇಲೆ ಮ್ಯಾಪ್ ತಗೋ, ಕೈ ನಡುಗೋದು ನಿಲ್ತದೆ. ಗೊತ್ತಿರೋದನ್ನ ಜಾಸ್ತಿ ಬರ್ದು ಟೈಮ್ ಕಳ್ಕೋಬೇಡ, ಗೊತ್ತಿಲ್ಲದ್ದನ್ನೂ ಖಾಲಿ ಬಿಡ್ಬೇಡ" ಎಂದು ಹೇಳಿಕೊಡುತ್ತಿದ್ದಳು. ಈಗ ನಾನು ತರಗತಿಯಲ್ಲಿ ಹೇಳುವುದೂ ಇದನ್ನೇ. ಉತ್ತರಕ್ಕೆ ಮೊದಲು ರಾಜಕೀಯ ಕಾರಣ, ಆಮೇಲೆ ಆರ್ಥಿಕ, ಆಮೇಲೆ ಸಾಮಾಜಿಕ ಎಂಬ ಅವಳ ಕ್ರಮವನ್ನೂ ಬದಲಾಯಿಸಿಲ್ಲ. ಮಕ್ಕಳು ಚೆನ್ನಾಗಿಯೇ ಅಂಕ ತೆಗೆಯುತ್ತಾರೆ.

ಪರೀಕ್ಷೆ ಬೇಸಿಗೆಯಲ್ಲಿತ್ತು. ಅದು ಮುಗಿದ ಮೇಲೆಯೇ ಹುಳು ಹಣ್ಣಾಗುವಂತೆ, ಅಂದರೆ ಗೂಡು ಕಟ್ಟುವ ಹದಕ್ಕೆ ಬರುವಂತೆ, ಅವ್ವ ಮೊಟ್ಟೆ ತಂದ ದಿನವೇ ಲೆಕ್ಕ ಹಾಕಿದ್ದಳು. ಕೊನೆಯ ವಾರ ಸೆಕೆ ಏರಿತು. ಮುಂದೆ ಓಡುತ್ತಿದ್ದ ಹುಳುಗಳನ್ನೆಲ್ಲ ಅವ್ವ ತಡೆದುಕೊಳ್ಳಲೆಂದು ಕೆಳಗಿನ ತಂಪಿಗೆ ಇಳಿಸಿದ್ದಳು. ಅವು ತಡೆದುಕೊಳ್ಳಲಿಲ್ಲ. ಪರೀಕ್ಷೆಯ ಬೆಳಿಗ್ಗೆ ಅತ್ತೆ ಸ್ನಾನ ಮಾಡಿ, ಹಸಿರು ಸೀರೆ ಉಟ್ಟು, ಹಾಲ್ ಟಿಕೆಟ್ಟು ತೆಗೆದಿಟ್ಟುಕೊಳ್ಳುತ್ತಿದ್ದಾಗ ಹುಳದ ಮನೆಯಿಂದ ಅವ್ವನ ದನಿ ಬಂತು. ಗಾಬರಿಯಾದಾಗ ಅವಳ ಬಾಯಿಗೆ ತೆಲುಗೇ ಬರುತ್ತಿತ್ತು. "ಪಂಡಿನಾಯಿ ಸುಶೀಲಾ, ಕಿಂದವನ್ನೀ ಪಂಡಿನಾಯಿ." ಕೆಳಗಿನವೆಲ್ಲ ಹಣ್ಣಾಗಿದ್ದವು.

ಹಣ್ಣಾದ ಹುಳುವನ್ನು ಆಗಿಂದಾಗ ಆಯ್ದು, ಗೂಡು ಕಟ್ಟಲು ಬಿದಿರಿನ ಚಂದ್ರಿಕೆಗೆ ಬಿಡಬೇಕು. ಇಲ್ಲದಿದ್ದರೆ ಅದು ತಟ್ಟೆಯ ಹಿಕ್ಕೆಯಲ್ಲೇ ನೂಲು ಸುರಿದು ಹಾಳಾಗುತ್ತದೆ. "ನೀನ್ ಹೋಗಮ್ಮ, ಬಸ್ ಹೊರಟೋಗತ್ತೆ, ನಾವ್ ನೋಡ್ಕೊಳ್ತೀವಿ" ಎಂದಳು ನಮ್ಮಮ್ಮ. ತಾತನೂ ಬಾಗಿಲಾಚೆಯಿಂದ ಹೋಗೆಂದೇ ಹೇಳಿದ. ಯಾರೂ ಅವಳನ್ನು ಹಿಡಿದು ನಿಲ್ಲಿಸಲಿಲ್ಲ, ಇದನ್ನು ಹೇಳಿಬಿಡಬೇಕು. ಅವಳೇ ಹೊಸ್ತಿಲಲ್ಲಿ ನಿಂತು ನೋಡಿದಳು. ಹಳದಿಗೆ ತಿರುಗಿದ ಹುಳುಗಳು ತಲೆ ಎತ್ತಿ ಜಾಗ ಹುಡುಕುತ್ತಿದ್ದವು. ಹುಳದ ಮನೆಯಲ್ಲಿ ಹುಟ್ಟಿದವರಿಗೆ ಅದನ್ನು ನೋಡಿಕೊಂಡು ನಡೆದುಹೋಗಲು ಆಗುವುದಿಲ್ಲ. "ಒಂದೇ ತಟ್ಟೆ ಆಯ್ದ್ ಹೋಗ್ತೀನಿ" ಎಂದು ಸೆರಗು ಸಿಕ್ಕಿಸಿ ಕೂತಳು. ಅವಳ ಕೈ ನಮ್ಮೆಲ್ಲರ ಕೈಗಿಂತ ಚುರುಕು, ಎಲ್ಲಕ್ಕಿಂತ ಕೆಳಗಿನ ತಟ್ಟೆಯನ್ನು ಪೂರ್ತಿ ಖಾಲಿ ಮಾಡಿದಳು. ಖಾಲಿಯಾದ ತಟ್ಟೆಯನ್ನು ಅಭ್ಯಾಸದಂತೆ ಎಳೆದು, ಕೊಡವಿ, ಗೋಡೆಗೆ ಒರಗಿಸಿದಳು. ಕೈ ತೊಳೆದು ಓಡಿ ಬಸ್ಸು ಹಿಡಿದಳು. ಅವಳಿಗೆಂದು ಅವ್ವ ಹೊರಗಿನ ಗೂಟಕ್ಕೆ ಸಿಕ್ಕಿಸಿಟ್ಟಿದ್ದ ಮಲ್ಲಿಗೆ ಅಲ್ಲೇ ಉಳಿಯಿತು.

ಬಿಸಿಲು ಇಳಿಯುವ ಹೊತ್ತಿಗೆ ವಾಪಸು ಬಂದಳು. ನಾನು ಬಸ್ ಸ್ಟ್ಯಾಂಡಿನ ಹತ್ತಿರವೇ ಕಾದಿದ್ದೆ. ನಡೆಯುತ್ತಾ ಹೇಳಿದಳು. "ರಷ್ಯಾ ಬಂದಿತ್ತು ಕಣೇ. ದೊಡ್ಡ್ ಪ್ರಶ್ನೆ, ಬರೀಲೇಬೇಕಾದ್ದು."

"ನಿಂಗ್ ಗೊತ್ತಿತ್ತಲ್ಲತ್ತೆ."

"ಗೊತ್ತಿತ್ತು. ಕಣ್ ಮುಚ್ಚಿದೆ. ಮೇಲಿಂದ ಎಲ್ಲಾ ಇದ್ವು. ಕೆಳಗ್ ಬಂದ್ರೆ ಅಲ್ಲಿ ತಟ್ಟೇನೇ ಇಲ್ಲ. ಗೋಡೆಗ್ ಒರಗ್ಸಿದ್ನಲ್ಲ, ಅದೇ ಕಾಣ್ಸತ್ತೆ. ಎಷ್ಟ್ ಸಲ ನೋಡಿದ್ರೂ ಅದೇ."

ಮನೆಗೆ ಬಂದವಳು ಸೀರೆ ಬದಲಾಯಿಸಿ, ಚಪ್ಪಲಿ ಬಿಟ್ಟು, ತಾಟು ತುಳಿದು ಒಳಗೆ ಹೋಗಿ ಉಳಿದ ಹುಳು ಆಯಲು ಕೂತಳು. ಆ ಸಲ ಬೆಳೆ ಚೆನ್ನಾಗಿ ಬಂತು. ಅವಳು ಸ್ವಲ್ಪದರಲ್ಲಿ ಫೇಲಾದಳು. ಗೂಡು ಬಿಡಿಸಿದ ಮೇಲೆ ಸ್ಟ್ಯಾಂಡನ್ನು ಬ್ಲೀಚಿಂಗ್ ನೀರಲ್ಲಿ ತೊಳೆದು ಬಿಸಿಲಿಗಿಟ್ಟರು, ಕಂಬದ ಮೇಲಿನ ಸೀಮೆಸುಣ್ಣವೂ ಅದರೊಂದಿಗೆ ಹೋಯಿತು. ಮುಂದಿನ ವರ್ಷ ಕೈವಾರದ ಹತ್ತಿರದ ಹಳ್ಳಿಗೆ ಮದುವೆಯಾಗಿ ಹೋದಳು. ಅಲ್ಲೂ ಹುಳದ ಮನೆಯೇ ಇತ್ತು.

ನಾನು ಅದೇ ಪೇಪರ್ ಬರೆಯುವ ವರ್ಷ, ಅವಳು ಹಬ್ಬಕ್ಕೆ ಬಂದಾಗ, ನನ್ನನ್ನು ನಮ್ಮ ಸ್ಟ್ಯಾಂಡಿನ ಮುಂದೆ ನಿಲ್ಲಿಸಿ ಎಲ್ಲವನ್ನೂ ಹೇಳಿಕೊಟ್ಟಳು. ಮಹಾಯುದ್ಧವನ್ನೂ ರಷ್ಯಾವನ್ನೂ ಒಂದೇ ತಟ್ಟೆಗೆ ಸೇರಿಸಿದಳು. "ಕೆಳಗಿಂದರಲ್ಲಿ ಏನೂ ಇಡ್ಬೇಡಮ್ಮ" ಎಂದಳು, ಅಷ್ಟೇ. ನಾನು ಇಡಲಿಲ್ಲ. ಒಳ್ಳೆಯ ಅಂಕ ಬಂತು, ಕೆಲಸವೂ ಸಿಕ್ಕಿತು. ನನಗೆ ಕೆಲಸದ ಆರ್ಡರ್ ಬಂದ ದಿನ ಅವಳು ಫೋನಿನಲ್ಲಿ ಬಹಳ ಹೊತ್ತು ಮಾತಾಡಿದಳು. ಮಕ್ಕಳು ಏನಂತಾ ಕರೀತಾರೆ, ಮೇಡಂ ಅಂತಾನಾ, ಮಿಸ್ ಅಂತಾನಾ ಎಂದು ಮತ್ತೆ ಮತ್ತೆ ಕೇಳಿದಳು.

ಈಗ ತಾತನಿಲ್ಲ, ಅವ್ವ ಇಲ್ಲ. ಅಪ್ಪ ಹುಳು ಸಾಕುವುದು ಬಿಟ್ಟು ಹುಳದ ಮನೆಯಲ್ಲಿ ಹಾಲಿನ ಕ್ಯಾನು, ಹಸುವಿನ ಬೂಸಾ ಇಟ್ಟಿದ್ದಾನೆ. ಬೊಂಬಿನ ಸ್ಟ್ಯಾಂಡು ಗೆದ್ದಲು ಹಿಡಿದು ಒಲೆಗೆ ಹೋಯಿತು. ಅತ್ತೆಗೆ ಕಿಡ್ನಿ ಕಾಯಿಲೆಯಾಯಿತು, ನಡುವಯಸ್ಸಿಗೇ ಹೋಗಿಬಿಟ್ಟಳು. ಅವಳ ಪಕ್ಕದಲ್ಲಿ ನನ್ನನ್ನು ಕೂರಿಸಿದರು. ನಜೀಮಾ ನನ್ನ ಭುಜ ಹಿಡಿದು "ಅತ್ಬಿಡು ಬೇಟಿ, ಹಗುರ ಆಗ್ತದೆ" ಎಂದಳು. ನನಗೆ ಅಳು ಬರಲಿಲ್ಲ. ತಲೆಯೊಳಗೆ ಅಮೆರಿಕ, ಫ್ರಾನ್ಸ್, ನೆಪೋಲಿಯನ್, ಇಟಲಿ ಎಂದು ಮೇಲಿನಿಂದ ಓಡುತ್ತಿತ್ತು, ಮಹಾಯುದ್ಧಕ್ಕೆ ಬಂದು ನಿಂತು ಮತ್ತೆ ಮೇಲಿನಿಂದ ಶುರುವಾಗುತ್ತಿತ್ತು. ಅವಳ ಮೇಲಿದ್ದ ನನ್ನ ಪ್ರೀತಿ ಎಲ್ಲಿಯೂ ಹೋಗಿರಲಿಲ್ಲ. ಅದು ಮರಗಟ್ಟಿ ಕೂತಿತ್ತು, ಅಷ್ಟೆ.

ಮೊನ್ನೆಯ ಪತ್ರಿಕೆಯಲ್ಲೂ ರಷ್ಯಾ ಇತ್ತು. ಮುಂದಿನ ಬೆಂಚಿನ ಹುಡುಗಿಯೊಬ್ಬಳು, ನನ್ನ ವಿದ್ಯಾರ್ಥಿನಿ, ಕಣ್ಣು ಮುಚ್ಚಿ ತುಟಿ ಆಡಿಸುತ್ತಿದ್ದಳು. ಪಾಠವನ್ನು ಮನೆಯ ಒಂದೊಂದು ಜಾಗದಲ್ಲಿಟ್ಟು ನೆನಪಿಡಿ ಎಂದು ನಾನೇ ಹೇಳಿಕೊಟ್ಟಿದ್ದೆ. ಅವಳು ತನ್ನ ಮನೆಯ ಯಾವ ಗೋಡೆಗೂಡಿನಲ್ಲಿ ಏನಿಟ್ಟಿದ್ದಳೋ, ಸ್ವಲ್ಪ ಹೊತ್ತಿಗೆ ಸಿಕ್ಕಿತು ಅಂತ ಕಾಣುತ್ತದೆ, ಬರೆಯತೊಡಗಿದಳು. ಬಾಗಿಲ ಬಳಿ ಕುರ್ಚಿಯಲ್ಲಿದ್ದ ನಾನೂ ಕಣ್ಣು ಮುಚ್ಚಿದೆ. ವರಾಂಡದ ವಾಸನೆ ಒಳಗೆ ಬರುತ್ತಿತ್ತು. ಸ್ಟ್ಯಾಂಡು ಇತ್ತು, ತಟ್ಟೆಗಳಿದ್ದವು, ಹುಳು ಸೊಪ್ಪು ಮೇಯುತ್ತಿದ್ದವು. ಇಷ್ಟು ವರ್ಷ ನೋಡದೆ ಬಿಟ್ಟಿದ್ದ ಕೆಳಗಿನ ಜಾಗವನ್ನು ಅಂದು ನೋಡಿದೆ. ಅದು ಖಾಲಿಯೇ ಇತ್ತು, ತಟ್ಟೆ ಗೋಡೆಗೆ ಒರಗಿಕೊಂಡಿತ್ತು. ಎತ್ತಿ ಅದರ ಜಾಗಕ್ಕೆ ಸೇರಿಸೋಣವೆಂದು ಕೈ ಚಾಚಿದೆ. ಆಮೇಲೆ, ಅತ್ತೆ ಪರೀಕ್ಷೆ ಬರೆದು ಬರುತ್ತಾಳಲ್ಲ, ಬಂದು ಅವಳೇ ಎತ್ತಿಡಲಿ ಎಂದು ಅಲ್ಲೇ ಬಿಟ್ಟೆ.