ಇಡ್ಲಿ ಪಾತ್ರೆಯ ಇಪ್ಪತ್ತಮೂರನೆಯ ದಿನ

ಈ ಇಂಗ್ಲಿಷರ ನಾಡಿನ ಕನ್ನಡಿಗರಲ್ಲಿ ಖಾಲಿಯಾದ ಐಸ್‌ಕ್ರೀಮ್ ಡಬ್ಬಿಯಷ್ಟು ದೇಶಸಂಚಾರ ಮಾಡಿದವರು ಯಾರೂ ಇಲ್ಲ. ಡರ್ಬಿಯಿಂದ ಹುಳಿ ಹೊತ್ತು ಹೊರಟದ್ದು ನಾಟಿಂಗ್‌ಹ್ಯಾಮಿನಲ್ಲಿ ಚಿತ್ರಾನ್ನ ತುಂಬಿಕೊಂಡು ಮತ್ತೆಲ್ಲಿಗೋ ಹೋಗುತ್ತದೆ. ಹಿಂದಿರುಗದಿದ್ದರೂ ಯಾರೂ ದಿನ ಎಣಿಸುವುದಿಲ್ಲ. ಎಣಿಸಿದರೆ ಏನಾಗುತ್ತದೆಂಬುದಕ್ಕೆ ಇತಿಹಾಸದಲ್ಲೊಂದು ದೊಡ್ಡ ನಿದರ್ಶನವಿದೆ, ಓದುಗ ಮಿತ್ರರೇ. ಸಣ್ಣ ನಿದರ್ಶನಕ್ಕೆ ನಾನೇ ಕಾರಣ.

ದೊಡ್ಡದು ನಿಮಗೆ ಗೊತ್ತು. ಅಮೆರಿಕದ ರಾಯಭಾರ ಕಚೇರಿಯವರು ಪರದೇಶದಲ್ಲಿ ಒತ್ತೆಯಾಳುಗಳಾದರು. ಟೀವಿಯವರು ‘ಇಂದಿಗೆ ಇಷ್ಟನೆಯ ದಿನ’ ಎಂದು ನಿತ್ಯ ಎಣಿಸಿದರು. ಸಂಧಾನದಲ್ಲಿದ್ದ ಅಧ್ಯಕ್ಷರು ಕೈಲಾಗದವರಂತೆ ಕಂಡು ಚುನಾವಣೆ ಸೋತರು. ಹೊಸಬರು ಪ್ರಮಾಣವಚನ ಮುಗಿಸುತ್ತಲೇ ಸೆರೆಯಾಳುಗಳು ಬಿಡುಗಡೆಯಾದರು. ಅಲ್ಲಿ ಸೆರೆಯಲ್ಲಿದ್ದವರು ಮನುಷ್ಯರು. ನಮ್ಮಲ್ಲಿ, ಕನ್ನಡ ಸಂಘದ ನೂರಿಡ್ಲಿಯ ಪಾತ್ರೆ.

ಅದನ್ನು ಬರ್ಚ್‌ವುಡ್‌ನ ವಸಂತಿ ಅಕ್ಕ ಪೂಜೆಗೆಂದು ಒಯ್ದಿದ್ದರು. ಪೂಜೆ ಮುಗಿದರೂ ಪಾತ್ರೆ ಬರಲಿಲ್ಲ. ಅಷ್ಟರಲ್ಲಿ ಸಂಘದ ಅಧ್ಯಕ್ಷರ ಚುನಾವಣೆ ಬಂತು. ಕಂಡವರ ದನಿ ಕದಿಯುವ ಚಟದ ನಾನು, ಅಧ್ಯಕ್ಷರಾದ ಡಾಕ್ಟರ್ ಶ್ರೀಕಂಠಯ್ಯನವರ ಮೂಗುದನಿಯಲ್ಲಿ ಸಂಘದ ವಾಟ್ಸಾಪ್ ಗುಂಪಿಗೆ ದಿನಕ್ಕೊಂದು ಧ್ವನಿ ಪ್ರಕಟಣೆ ಹೊರಡಿಸತೊಡಗಿದೆ: “ಮಹನೀಯರೇ, ಪಾತ್ರೆಯ ಸೆರೆವಾಸಕ್ಕೆ ಇವತ್ತು ಒಂಬತ್ತನೇ ದಿನ. ಪ್ಯಾರಾಸಿಟಮಾಲ್ ತಗೊಂಡು ಎರಡು ವಾರ ಕಾದು ನೋಡೋಣ.” ಜಿಪಿಗಳೆಂಬ ಇಲ್ಲಿನ ಬಡಾವಣೆ ಡಾಕ್ಟರುಗಳು ಎಲ್ಲ ಕಾಯಿಲೆಗೂ ಹೇಳುವ ಆ ಮಾತಿಗೆ ಜನ ಮೊದಲು ನಕ್ಕರು. ಹದಿನೈದನೆಯ ದಿನಕ್ಕೆ ನಗು ಕೋಪವಾಯಿತು.

“ಒಂದು ಪಾತ್ರೆ ತರ್ಸೋಕಾಗ್ದವರು ಸಂಘ ನಡೆಸ್ತಾರೇನ್ರೀ?”

ಡಾಕ್ಟರು ಅಂದದ್ದಿಷ್ಟೇ: “ಬರುತ್ತೆ, ಬಿಡ್ರಪ್ಪಾ.”

ಇಪ್ಪತ್ತಮೂರನೆಯ ದಿನ, ಆರು ವರ್ಷ ಸಂಘವನ್ನು ಮಗುವಿನಂತೆ ಸಾಕಿದ್ದ ಅವರು ನಾಲ್ಕೇ ಮತಗಳಿಂದ ಸೋತರು. ನಾನು ಮತ ಹಾಕಿದ್ದು ಅವರಿಗೇ. ಹಾಗೆಂದು ಹೇಳಿಕೊಳ್ಳುವ ನನ್ನ ನಾಚಿಕೆಗೇಡಿತನವನ್ನು ನೀವು ಮೆಚ್ಚಬೇಕು.

ಫಲಿತಾಂಶದ ಚಪ್ಪಾಳೆ ನಿಲ್ಲುವಷ್ಟರಲ್ಲಿ ವಸಂತಿ ಅಕ್ಕ ಪಾತ್ರೆ ಹೊತ್ತು ಒಳಬಂದರು. “ತಡ ಆಯ್ತು ಮಾರಾಯ್ರೆ. ಅತ್ತೆ ಹಾಸಿಗೆ ಹಿಡಿದಿದ್ರು, ಈಗ ಎದ್ದು ಕೂತಿದ್ದಾರೆ. ಡಾಕ್ಟ್ರು ಪ್ರತಿ ಭಾನುವಾರ ಅಷ್ಟು ದೂರದಿಂದ ಬಂದು ಧೈರ್ಯ ಹೇಳಿ ಹೋಗ್ತಿದ್ರು. ಯಾರಿಗೂ ಹೇಳ್ಬೇಡಿ ಅಂತ ನಾನೇ ಹೇಳಿದ್ದೆ. ಅವ್ರು ಪಾತ್ರೆಯ ಸುದ್ದಿಯನ್ನೇ ಎತ್ಲಿಲ್ಲ.”

ಸಭೆ ನನ್ನತ್ತ ತಿರುಗಿತು. ಊರವರ ದನಿಯಲ್ಲೆಲ್ಲ ಮಾತಾಡುವ ನಾನು ಎದ್ದು ಅಕ್ಕನ ಕೈಯಿಂದ ಪಾತ್ರೆ ತೆಗೆದುಕೊಂಡು ಒಳಗಿಟ್ಟೆ.

ಹೊರಡುವಾಗ ಡಾಕ್ಟರು ಕಾರಿನಿಂದ ಐಸ್‌ಕ್ರೀಮ್ ಡಬ್ಬಿಯೊಂದನ್ನು ತೆಗೆದು ನನ್ನ ಕೈಗಿತ್ತರು. “ಚಟ್ನಿಪುಡಿ ಕಣಯ್ಯಾ. ನಮ್ಮನೆಯವಳು ನಿಂಗೇಂತ ಮಾಡಿದ್ದು. ಡಬ್ಬಿ ನಿಧಾನಕ್ಕೆ ಕೊಡು.”

ಪುಡಿ ಮುಗಿದಿದೆ. ಖಾಲಿ ಡಬ್ಬಿ ಹಿಂದಿರುಗಿಸುವ ಪದ್ಧತಿ ನಮ್ಮವರಲ್ಲಿಲ್ಲ. ಏನು ತುಂಬಿ ಕೊಡಲೆಂದು ತೋಚದೆ ಅಡಿಗೆಮನೆಯ ಕಟ್ಟೆಯ ಮೇಲೆ ಇಟ್ಟುಕೊಂಡಿದ್ದೇನೆ. ಇಂದಿಗೆ ಹನ್ನೊಂದನೆಯ ದಿನ. ಅವರಂತೂ ಎಣಿಸುತ್ತಿಲ್ಲ.