ಒಂದೇ ಒಂದು ಹುಳುಕು

ಹಳೆಯ ಕಾರು ಮಾರುವವರಿಗೆ ನಾಲಿಗೆ ಉದ್ದವಿರಬೇಕು ಎನ್ನುತ್ತಾರೆ. ಯಜಮಾನರೊಬ್ಬರ ಅಂಗಡಿಯಲ್ಲಿ ಸಂಬಳಕ್ಕಿದ್ದ ಈ ಹೆಂಗಸಿನದು ಗಿಡ್ಡ. ಆದರೂ ಆ ಬೀದಿಯ ಐದು ಅಂಗಡಿಗಳಲ್ಲಿ ಹೆಚ್ಚು ಕಾರು ಮಾರಿದವಳು ಅವಳೇ. ಗಿರಾಕಿ ಕಾರನ್ನು ಒಂದು ಸುತ್ತು ಹಾಕಿ ಮುಗಿಸುವಷ್ಟರಲ್ಲಿ ಅವಳೇ ಬಾಯಿಬಿಟ್ಟು ಅದರ ಒಂದು ಹುಳುಕು ಹೇಳಿಬಿಡುತ್ತಿದ್ದಳು. "ನೋಡಿ, ಎಡಗಡೆ ಕಿಟಕಿ ಪೂರ್ತಿ ಇಳಿಯೋದಿಲ್ಲ. ಆಮೇಲೆ ನನ್ನ ಬೈಕೋಬೇಡಿ." ಹೆತ್ತವರಿಗೆ ಹೆಗ್ಗಣ ಮುದ್ದು ಎಂಬಂತೆ ಪಕ್ಕದವರು ತಮ್ಮ ಡಕೋಟ ಕಾರುಗಳನ್ನು ಹಾಡಿ ಹೊಗಳುತ್ತಿದ್ದರೆ, ಇವಳು ತನ್ನದನ್ನು ತಾನೇ ತೆಗಳುತ್ತಿದ್ದಳು. ಜನರಿಗೆ ಬೇಕಿದ್ದುದೂ ಅದೇ. ಊರು ಅವಳಿಗೆ ಹುಳುಕಕ್ಕ ಎಂದು ಹೆಸರಿಟ್ಟಿತು. ಅವಳಿಗೂ ಅದು ಹೆಮ್ಮೆಯೇ.

ಮೊದಮೊದಲು ಅವಳೇ ಕಾರಿನಡಿ ನುಸುಳಿ, ಟಾರ್ಚು ಬಿಟ್ಟು ನೋಡಿ, ಸಿಕ್ಕಿದ್ದರಲ್ಲಿ ದೊಡ್ಡ ಹುಳುಕನ್ನೇ ಹೇಳುತ್ತಿದ್ದಳು. ಮಂಡಿ ಹಿಡಿದುಕೊಂಡ ಮೇಲೆ ಆ ಕೆಲಸ ಅಂಗಡಿಯ ಮೆಕ್ಯಾನಿಕ್ಕಿಗೆ ಹೋಯಿತು. ಅವನು ಚೀಟಿಯಲ್ಲಿ ಒಂದು ಸಾಲು ಬರೆದು ಕೊಡುವನು, ಇವಳು ಅದನ್ನು ಗಿರಾಕಿಗೆ ಒಪ್ಪಿಸುವಳು. ನಾಲ್ಕು ವರ್ಷಗಳಿಂದ ಚೀಟಿಯಲ್ಲಿ ಬಂದದ್ದೆಲ್ಲ ಕಿಟಕಿ, ಹಾರ್ನು, ಸೀಟಿನ ಕಲೆ. ಒಂದು ಸಲವೂ ಇಂಜಿನ್ನಿಲ್ಲ, ಬ್ರೇಕಿಲ್ಲ. ಹಳೆಯ ಕಾರುಗಳಿಗೆ ಅಂಥ ಪುಣ್ಯ ಎಲ್ಲಿಯದು ಎಂದು ಅವಳು ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಭಯ.

ಆ ದಿನ ಬೆಳಗ್ಗೆ ಬೆಳ್ಳಿ ಬಣ್ಣದ ಕಾರಿನ ಮುಂದೆ ಒಬ್ಬ ದರ್ಜಿ ತನ್ನ ಹೆಂಡತಿ, ಇಬ್ಬರು ಮಕ್ಕಳೊಡನೆ ನಿಂತಿದ್ದ. ಅವನಿಗೆ ಓಡಿಸಲು ಬಾರದು. ಹೆಂಡತಿ ಹೊಸದಾಗಿ ಕಲಿತಿದ್ದಳು. ಅವತ್ತೇ ಬೆಟ್ಟದಾಚೆಯ ತವರಿಗೆ ತಾನೇ ಓಡಿಸಿಕೊಂಡು ಹೋಗಿ ಅಣ್ಣಂದಿರ ಮುಂದೆ ಇಳಿಯಬೇಕೆಂದು ಅವಳ ಆಸೆ.

ಹುಳುಕಕ್ಕ ಚೀಟಿ ನೋಡಿ ಹೇಳಿದಳು: "ಹಿಂದಿನ ಬಾಗಿಲು ಒಳಗಿಂದ ತೆಗೆಯೋಕೆ ಬರಲ್ಲ."

"ಒಳ್ಳೇದೇ ಆಯ್ತು, ಈ ಕೋತಿಗಳು ಆಚೆ ಹಾರೋದಿಲ್ಲ" ಎಂದು ದರ್ಜಿ ಮಕ್ಕಳ ತಲೆ ಸವರಿದ.

"ಬೇರೆ ಮೆಕ್ಯಾನಿಕ್ಕಿಗೆ ಒಂದ್ಸಲ ತೋರಿಸೋಣ್ವಾ?" ಎಂದಳು ಹೆಂಡತಿ.

"ಹುಳುಕಕ್ಕನೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನೇ ನೋಡೋದು?"

ಕಾಗದಕ್ಕೆ ಸಹಿ ಬಿತ್ತು. ಮಕ್ಕಳು ಹಿಂದೆ ಹತ್ತಿದರು. ಕಾರು ಹೊರಟುಹೋಯಿತು.

ಮಧ್ಯಾಹ್ನ ಖಾಲಿ ಜಾಗದಲ್ಲಿ ಇನ್ನೊಂದು ಕಾರು ನಿಲ್ಲಿಸಲು ಹೋದವಳಿಗೆ ನೆಲದ ಮೇಲೆ ಅಂಗೈಯಗಲದ ಒದ್ದೆ ಕಂಡಿತು. ಬೆರಳು ಅದ್ದಿ ಮೂಸಿದಳು. ನೀರಲ್ಲ. ಮೆಕ್ಯಾನಿಕ್ಕನ್ನು ಕರೆದಳು.

"ಬ್ರೇಕ್ ಪೈಪು ತುಕ್ಕು ಹಿಡಿದಿತ್ತಕ್ಕಾ, ಆಯಿಲ್ ಸೋರ್ತಿತ್ತು" ಎಂದ ಅವನು, ಕೈ ಒರೆಸಿಕೊಳ್ಳುತ್ತ. "ಮತ್ತೆ ತುಂಬಿಸಿದೀನಿ. ಸ್ವಲ್ಪ ದಿನ ತಡೆಯುತ್ತೆ."

"ಚೀಟೀಲಿ ಯಾಕೆ ಬರೀಲಿಲ್ಲ?"

"ಏನು ಬರೀಬೇಕು ಅಂತ ಯಜಮಾನ್ರೇ ಹೇಳ್ತಾರಲ್ಲ. ನಿಮಗೆ ಗೊತ್ತಿದೆ ಅಂದ್ಕೊಂಡಿದ್ದೆ."

ಗೊತ್ತಿತ್ತು. ಅದಕ್ಕೇ ಇಷ್ಟು ವರ್ಷ ಕೇಳಿರಲಿಲ್ಲ. ಕಾಗದದಲ್ಲಿದ್ದ ನಂಬರಿಗೆ ಫೋನು ಹಚ್ಚಿದಳು. ದರ್ಜಿ ಎತ್ತಿಕೊಂಡ, ಹಿಂದೆ ಮಕ್ಕಳ ಗಲಾಟೆ.

"ಕಾರು ನಿಲ್ಲಿಸೋಕೆ ಹೇಳಿ. ಬ್ರೇಕ್ ಸರಿ ಇಲ್ಲ."

ದರ್ಜಿ ನಕ್ಕ. "ಏನಕ್ಕಾ, ನೀವು ಹೇಳೋದು ಒಂದೇ ಹುಳುಕಲ್ವಾ? ಆಗ್ಲೇ ಹೇಳಿಯಾಯ್ತಲ್ಲ."

"ತಮಾಷೆ ಅಲ್ಲಪ್ಪಾ. ನಾನು ನೋಡದೇ ಮಾರಿದೆ."

ಅವನು ಹೆಂಡತಿಗೆ ಏನೋ ಹೇಳಿದ್ದು ಕೇಳಿಸಿತು. "ಇಷ್ಟೊತ್ತೂ ಚೆನ್ನಾಗೇ ಹಿಡೀತಿತ್ತು. ಇಳಿಜಾರು ಬಂತು, ಮಾತಾಡಿಸ್ಬೇಡಿ" ಎಂದಳು ಅವಳು.

"ಇಷ್ಟು ಕಾಳಜಿ ಇದೆ ಅಂತಾನೇ ಅಕ್ಕಾ ನಿಮ್ಮ ಹತ್ರ ತಗೊಂಡಿದ್ದು. ಬೆಟ್ಟ ಇಳಿದು ನಾನೇ ಫೋನ್ ಮಾಡ್ತೀನಿ" ಎಂದು ದರ್ಜಿ ಇಟ್ಟುಬಿಟ್ಟ.

ಮತ್ತೆ ಮಾಡಿದಳು. ಹನ್ನೊಂದು ಸಲ ಮಾಡಿದಳು. ಕೊನೆಯ ಎರಡು ಸಲ ರಿಂಗೂ ಆಗಲಿಲ್ಲ. ಮೆಕ್ಯಾನಿಕ್ಕಿನ ಸ್ಕೂಟರಿನ ಹಿಂದೆ ಕುಳಿತು ಬೆಟ್ಟದ ದಾರಿ ಹಿಡಿದಳು. ಪ್ರತಿ ತಿರುವಿನಲ್ಲೂ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ರಸ್ತೆ ಖಾಲಿ ಇದೆಯೆಂದು ಮೆಕ್ಯಾನಿಕ್ ಹೇಳಿದ ಮೇಲೆ ತೆರೆಯುತ್ತಿದ್ದಳು. ಇಳಿಜಾರಿನ ಮೂರನೇ ತಿರುವಿನಲ್ಲಿ ಅವನು ಏನೂ ಹೇಳಲಿಲ್ಲ. ಲಾರಿಗಳು ಸಾಲಾಗಿ ನಿಂತಿದ್ದವು. ಜನ ರಸ್ತೆಯಂಚಿನಲ್ಲಿ ಬಗ್ಗಿ ಕೆಳಗೆ ನೋಡುತ್ತಿದ್ದರು.

ಗುಂಪಿನಲ್ಲಿದ್ದ ಹಳೆಯ ಗಿರಾಕಿಯೊಬ್ಬ ಅವಳ ಗುರುತು ಹಿಡಿದ. "ನಿಮ್ಮ ಅಂಗಡಿ ಸ್ಟಿಕ್ಕರ್ ಇದೆ ಅಕ್ಕಾ. ಹಾಗಾದ್ರೆ ಕಾರಿಂದು ತಪ್ಪಿರಲ್ಲ ಬಿಡಿ. ಆ ಹೆಂಗಸಿಗೇ ಓಡಿಸೋಕೆ ಬರ್ತಿರ್ಲಿಲ್ಲ ಅನ್ಸುತ್ತೆ."

"ಬ್ರೇಕ್ ಹೋಗಿತ್ತು" ಎಂದಳು ಹುಳುಕಕ್ಕ. "ಅವಳ ತಪ್ಪಲ್ಲ. ನೋಡದೇ ಮಾರಿದ್ದು ನಾನು."

"ಸಂಕಟಕ್ಕೆ ಹಾಗೆ ಮಾತಾಡ್ತಿದೀರಾ. ನೀವು ಅಂಥೋರಲ್ಲ ಅಂತ ಊರಿಗೇ ಗೊತ್ತು" ಎಂದು ಅವನು ಅವಳನ್ನು ಕಲ್ಲಿನ ಮೇಲೆ ಕೂರಿಸಿ, ಕುಡಿಯಲು ನೀರು ಕೊಟ್ಟ.