ಸತ್ತವರ ಫೋಟೋ ಮಾಡುವ ದಾಫಿನಕ್ಕ ಮತ್ತು ತೊಟ್ಟಿಯ ಬಿರುಕು

ನಮ್ಮ ಪೇಟೆಯಲ್ಲಿ ಯಾರಾದರೂ ಸತ್ತರೆ ಪಾದ್ರಿಗಿಂತ ಮೊದಲು ದಾಫಿನಕ್ಕನಿಗೆ ಗೊತ್ತಾಗುತ್ತದೆ. ಸತ್ತವರ ಮುಖ, ಹೆಸರು, ಸತ್ತ ದಿನ, ಮಣ್ಣು ಮಾಡುವ ಹೊತ್ತು ಎಲ್ಲವನ್ನೂ ಒಂದು ಹಾಳೆಯಲ್ಲಿ ಅಚ್ಚು ಹಾಕಿ ಮನೆ ಬಾಗಿಲಿಗೆ, ಬಸ್ ನಿಲ್ದಾಣಕ್ಕೆ, ವಿದ್ಯುತ್ ಕಂಬಕ್ಕೆ ಅಂಟಿಸುವುದು ಬಲ್ಗೇರಿಯಾದವರಾದ ನಮ್ಮ ಪದ್ಧತಿ. ನಲವತ್ತನೇ ದಿನಕ್ಕೆ ಇನ್ನೊಂದು ಹಾಳೆ, ಆರು ತಿಂಗಳಿಗೆ ಮತ್ತೊಂದು, ಆಮೇಲೆ ವರ್ಷವರ್ಷವೂ. ನಿಲ್ದಾಣದ ಪಕ್ಕದ ಜೆರಾಕ್ಸ್ ಅಂಗಡಿಯಲ್ಲಿ ಕೂತು ಮೂವತ್ತು ವರ್ಷದಿಂದ ಈ ಹಾಳೆಗಳನ್ನು ಮಾಡುತ್ತಿರುವವಳು ದಾಫಿನಕ್ಕ. ಗಿಡ್ಡ ಹೆಂಗಸು, ದೊಡ್ಡ ಬಾಯಿ, ಮೂಗಿನ ತುದಿಯಲ್ಲಿ ಕನ್ನಡಕ. ನಾನು ಅವಳಿಗೆ ಋಣಿ. ನಾನೊಬ್ಬನೇ ಅಲ್ಲ, ಬೆಟ್ಟದ ತೊಟ್ಟಿಯ ನೀರು ಕುಡಿಯುವ ಪ್ರತಿಯೊಬ್ಬರೂ.

ಹಳೇ ಸರ್ಕಾರ ಉರುಳಿದ ಎಂಬತ್ತೊಂಬತ್ತರ ಚಳಿಗಾಲದಿಂದ ನಾನು ಹೋರಾಟ ಅಂತ ಬೀದಿಯಲ್ಲೇ ಇದ್ದೇನೆ. ಕೂಗುವುದು ಗೊತ್ತು, ರಸ್ತೆಗೆ ಅಡ್ಡ ಮಲಗುವುದು ಗೊತ್ತು. ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸಿ ಗೋಡೆಯ ಮೇಲೆ ತೋರಿಸುವ ಕೆಲಸ ಮಾತ್ರ ಗೊತ್ತಿರಲಿಲ್ಲ. ಹೋದ ವರ್ಷ ಅದೇ ನನ್ನ ತಲೆಗೆ ಬಂತು.

ಬೆಟ್ಟದ ಮೇಲೆ ಕಲ್ಲುಗಣಿ ತೆಗೆಯಲು ಒಂದು ಕಂಪನಿ ಬಂದಿತ್ತು, ಎರಡು ವರ್ಷದಿಂದ ನಾವು ಅದರ ವಿರುದ್ಧ ಹೋರಾಡುತ್ತಿದ್ದೆವು. ಪರೀಕ್ಷೆಗೆಂದು ಸಿಡಿಮದ್ದು ಹಾಕಿದರು, ಊರಿನ ನೀರಿನ ತೊಟ್ಟಿ ಬಿರುಕು ಬಿಟ್ಟಿತು. ಕುರಿ ಕಾಯುವ ರಂಗೆಲ್ ಅದನ್ನು ಕಂಡು, ಬಿರುಕಿನ ಪಕ್ಕ ಬೆಂಕಿಪೊಟ್ಟಣ ಇಟ್ಟು ಫೋಟೋ ಹೊಡೆದು, ನಮ್ಮ ಹೋರಾಟದವರ ಫೋನಿನ ಗುಂಪಿಗೆ ಹಾಕಿದ. ವಾರ ಕಳೆಯುವಷ್ಟರಲ್ಲಿ ಕಂಪನಿಯವರು ತೊಟ್ಟಿಗೆ ಗಾರೆ ಮೆತ್ತಿ ಸುಣ್ಣ ಬಳಿದರು. "ಬಿರುಕಾ? ಯಾವ ಬಿರುಕು?" ಎಂದರು. ಪುರಸಭೆ ಗುರುವಾರ ವಿಚಾರಣೆ ಇಟ್ಟಿತು. ನಮಗೆ ಸಿಕ್ಕಿದ್ದು ಹತ್ತು ನಿಮಿಷ, ಇದ್ದ ಸಾಕ್ಷಿ ಆ ಒಂದು ಫೋಟೋ. ಅದು ಕಾಣದಿದ್ದರೆ ಗಣಿಗೆ ಪರವಾನಗಿ, ನಮ್ಮ ನೀರಿಗೆ ಎಳ್ಳುನೀರು.

ಮಂಗಳವಾರ ಮಧ್ಯಾಹ್ನ ವಾಚನಾಲಯದ ಸಭಾಂಗಣದಲ್ಲಿ ಪ್ರೊಜೆಕ್ಟರ್ ಹಚ್ಚಿ ನೋಡುತ್ತಿದ್ದೆ. ನಾವು ಅಚ್ಚಿಗೆ ಕೊಟ್ಟಿದ್ದ ಕರಪತ್ರ ಕೊಡಲು ಬಂದ ದಾಫಿನಕ್ಕ ಬಾಗಿಲಲ್ಲೇ ನಿಂತಳು.

"ಏನೋ ಸ್ಪಾಸ್ ಅದು? ಬಚ್ಚಲುಮನೆ ಟೈಲ್ಸಾ?"

"ತೊಟ್ಟಿ ಬಿರುಕು ಕಣಕ್ಕ."

"ಬರೀ ಚೌಕ ಚೌಕ ಕಾಣ್ತಿದೆ. ಆ ಗಣಿ ಇಂಜಿನಿಯರ್ ನೋಡಿದ್ರೆ ಹೊಟ್ಟೆ ಹಿಡ್ಕೊಂಡು ನಗ್ತಾನೆ."

"ಚಿತ್ರ ಚಿಕ್ಕದಿತ್ತು. ಮೂಲೆ ಹಿಡಿದು ಎಳೆದೆ."

"ಎಳೆದ್ರೆ ಹಿಟ್ಟು ಹೆಚ್ಚಾಗುತ್ತೇನೋ? ನಿನ್ನ ಹೆಂಡ್ತಿ ಬಾನಿತ್ಸಾ ಕಡುಬಿಗೆ ಹಿಟ್ಟಿನ ಹಾಳೆ ಎಳೆಯೋದು ನೋಡಿಲ್ವಾ? ಎಳೆದಷ್ಟೂ ತೆಳ್ಳಗಾಗುತ್ತೆ, ಕೊನೆಗೆ ಹರಿಯುತ್ತೆ. ನಿನ್ನದು ಹರಿದಿದೆ. ಎಲ್ಲಿಂದ ತಂದೆ ಇದನ್ನ?"

ಗುಂಪಿನಲ್ಲಿ ಸಣ್ಣದಾಗಿ ಕಾಣುತ್ತಿದ್ದುದನ್ನು ತೆರೆಯದೆ ಹಾಗೇ ಸ್ಕ್ರೀನ್‌ಶಾಟ್ ಹೊಡೆದು, ಬಿರುಕಿದ್ದ ಅರ್ಧ ಮಾತ್ರ ಕತ್ತರಿಸಿಕೊಂಡೆ ಎಂದೆ. ಅವಳು ಹಣೆ ಚಚ್ಚಿಕೊಂಡಳು.

"ಕೇಳು. ಚಿತ್ರ ಅಂದ್ರೆ ಚುಕ್ಕಿ. ಈ ಗೋಡೆ ಪೂರ್ತಿ ತುಂಬೋಕೆ ಅಡ್ಡಲಾಗಿ ಸಾವಿರದ ಒಂಬೈನೂರು ಚುಕ್ಕಿ ಬೇಕು. ನಿನ್ನ ಹತ್ರ ಇರೋದು ಇನ್ನೂರು. ಒಂದೊಂದು ಚುಕ್ಕೀನೂ ಹತ್ತು ಚುಕ್ಕಿ ಜಾಗದಲ್ಲಿ ಕಾಲು ಚಾಚ್ಕೊಂಡು ಕೂತಿದೆ, ಅದಕ್ಕೇ ಚೌಕ. ಹೆಬ್ಬೆರಳುದ್ದದ ಗುರುತಿನ ಚೀಟಿ ಫೋಟೋ ತರ್ತಾರೆ ಜನ. ಕಾಗದದ ಮೇಲಿರೋದನ್ನ ಸ್ಕ್ಯಾನರ್‌ಗೆ ಹಾಕಿ ಅಂಗುಲಕ್ಕೆ ಆರುನೂರು ಚುಕ್ಕಿ ತಗೋತೀನಿ, ಮುಖ ಹಾಳೆ ತುಂಬ ಬರುತ್ತೆ, ಹುಬ್ಬಿನ ಕೂದಲು ಸಮೇತ. ದೊಡ್ಡದು ಚಿಕ್ಕದು ಅಂತ ಕಣ್ಣಳತೆ ಹಾಕ್ಬೇಡ. ಒಳಗೆ ಚುಕ್ಕಿ ಎಷ್ಟಿದೆ ನೋಡು."

ಗುಂಪಿನಲ್ಲಿದ್ದುದನ್ನು ತೆರೆದು ಇಳಿಸಿಕೊಂಡೆವು. ಚೌಕ ಹೋಯಿತು, ಆದರೆ ಕೂದಲೆಳೆಯಂಥ ಬಿರುಕು ಗೋಡೆಯ ಮೇಲೆ ಮಸಿ ತಿಕ್ಕಿದ ಹಾಗೆ ಕಂಡಿತು. "ಬೇಗ ಹೋಗ್ಲಿ ಅಂತ ಗುಂಪು ಚುಕ್ಕಿಗಳನ್ನ ತಿಂದುಬಿಟ್ಟಿದೆ. ರಂಗೆಲ್‌ಗೆ ಫೋನ್ ಮಾಡು, ಅವನ ಫೋನಲ್ಲಿ ಅಸಲಿ ಇರುತ್ತೆ" ಎಂದಳು.

ರಂಗೆಲ್ ಹುಲ್ಲುಗಾವಲಿನಲ್ಲಿದ್ದ. ಕುರಿ ಗಂಟೆಗಳ ನಡುವೆ ಅವನ ದನಿ. "ಅದಾ? ಅಳಿಸಿಬಿಟ್ನಲ್ಲ! ಗುಂಪಲ್ಲಿ ಇದ್ಯಲ್ಲಾ ಅಂತ. ಫೋನ್ ತುಂಬೋಗಿತ್ತು, ಮರಿಗಳ ಫೋಟೋ ಹಿಡೀತಿರ್ಲಿಲ್ಲ."

ಎರಡು ವರ್ಷದ ಹೋರಾಟ ಕುರಿಮರಿಗಳ ಕಾಲಡಿಗೆ ಹೋಯಿತಲ್ಲ ಎನಿಸಿತು. ದಾಫಿನಕ್ಕ ನನ್ನ ಕೈಯಿಂದ ಫೋನ್ ಕಿತ್ತುಕೊಂಡಳು.

"ಲೋ ರಂಗೆಲ್, ನಿಮ್ಮಣ್ಣ ತೀರ್ಕೊಂಡಾಗ ಅವನ ಫೋಟೋಗೆ ನನ್ನ ಅಂಗಡಿಗೆ ಬಂದ್ಯಲ್ಲ, ತೊಟ್ಟಿ ಫೋಟೋ ಅದಕ್ಕೆ ಮುಂಚೇನಾ, ಆಮೇಲಾ?"

"ಮುಂಚೆ ಅಕ್ಕ. ತೊಟ್ಟಿ ನೋಡ್ಕೊಂಡು ಬಂದ ಮಾರನೇ ದಿನಾನೇ ಅಣ್ಣ ಹೋದ."

"ನಿನ್ನ ಚಿತ್ರ ನನ್ನ ಹತ್ರ ಇರ್ಬೇಕು ಕಣೋ. ತೆಗೀಲಾ?"

"ನಿನ್ನ ಕೈಗೆ ಮುತ್ತು ಕೊಡ್ತೀನಿ, ತೆಗಿಯಕ್ಕ!"

ಅವಳದೊಂದು ಅಭ್ಯಾಸವಿದೆ. ಸಾವಿನ ಮನೆಯವರು ಬಂದರೆ ಫೋಟೋವನ್ನು ಸಂದೇಶದಲ್ಲಿ ಕಳಿಸಿ ಎನ್ನುವುದಿಲ್ಲ. ಫೋನಿಗೆ ತಂತಿ ಚುಚ್ಚಿ ಅಸಲಿಯನ್ನೇ ಇಳಿಸಿಕೊಂಡು ಇಟ್ಟುಕೊಳ್ಳುತ್ತಾಳೆ. ನಲವತ್ತನೇ ದಿನಕ್ಕೆ ಅವರು ಮತ್ತೆ ಬರುತ್ತಾರೆ, ಅಷ್ಟರಲ್ಲಿ ಫೋನ್ ಬಾವಿಗೆ ಬಿದ್ದಿರುತ್ತದೆ, ಇಲ್ಲವೇ ಅಳಿಯನ ಪಾಲಾಗಿರುತ್ತದೆ. ಅಂದು ಅಳುತ್ತಿದ್ದ ರಂಗೆಲ್, ಅಣ್ಣನ ಚಿತ್ರ ಹುಡುಕಿಕೊಡಲು ಆಗದೆ, "ಎಲ್ಲಾ ತಗೋ ಅಕ್ಕ" ಎಂದಿದ್ದನಂತೆ.

ಅಂಗಡಿಗೆ ಓಡಿದೆವು. ರಂಗೆಲ್ ಹೆಸರಿನ ಕಡತ ತೆರೆದಳು. ಕುರಿ, ಕುರಿ, ನಾಯಿ, ಅಣ್ಣ ಗ್ಲಾಸು ಎತ್ತಿ ನಗುತ್ತಿರುವುದು. ಆಮೇಲೆ ತೊಟ್ಟಿ. ಅಡ್ಡಲಾಗಿ ನಾಲ್ಕು ಸಾವಿರ ಚುಕ್ಕಿ. ಬಿರುಕಿನ ಅರ್ಧ ಕತ್ತರಿಸಿದರೂ ಎರಡು ಸಾವಿರ ಉಳಿಯಿತು, ಗೋಡೆಗೆ ಸಾಕಾಗಿ ಮಿಕ್ಕಿತು. ನಾನು ಅವಳ ಹೆಗಲ ಮೇಲೆ ತಲೆಯಿಟ್ಟು ಅತ್ತೆ. "ಹೋಗಾಚೆ, ಬೆಳ್ಳುಳ್ಳಿ ನಾತ" ಎಂದು ತಳ್ಳಿದಳು. ಆಮೇಲೆ ಕೂರಿಸಿ ಕಲಿಸಿದಳು: ಚಿತ್ರವನ್ನು ಕಡತದಿಂದಲೇ ಸೇರಿಸು, ಸ್ಕ್ರೀನ್‌ಶಾಟ್ ಬೇಡ. ಪಕ್ಕ ಹಿಡಿದು ಎಳೆಯಬೇಡ, ತೊಟ್ಟಿ ದೋಣಿಯಾಗುತ್ತದೆ. ಉಳಿಸುವಾಗ ಚಿತ್ರ ಕುಗ್ಗಿಸಲಾ ಎಂದು ಕೇಳಿದರೆ ಬೇಡ ಅನ್ನು. ಗುರುವಾರ ಅರ್ಧ ಗಂಟೆ ಮೊದಲೇ ಹೋಗಿ ಕೊನೆಯ ಸಾಲಿನಲ್ಲಿ ಕೂತು ನೋಡು.

ಹೋಗಿ ನೋಡಿದೆ. ವಿಚಾರಣೆಯಲ್ಲಿ ಆ ಚಿತ್ರ ಗೋಡೆಯ ಮೇಲೆ ಬಿದ್ದಾಗ ಬೆಂಕಿಪೊಟ್ಟಣದ ಮೇಲಿನ ಅಕ್ಷರ ಕೊನೆಯ ಸಾಲಿನವರೂ ಓದಿದರು. ಬಿರುಕಿನಿಂದ ಜಿನುಗುತ್ತಿದ್ದ ನೀರಿನ ಹನಿ ಹೊಳೆಯುತ್ತಿತ್ತು.

ಇಂಜಿನಿಯರ್ ಎದ್ದ. "ಇದು ಎಷ್ಟು ವರ್ಷ ಹಳೇದೋ ಯಾರಿಗೆ ಗೊತ್ತು?"

ಹಿಂದಿನ ಸಾಲಿನಲ್ಲಿ ರಂಗೆಲ್ ಎದ್ದು ನಿಂತ. "ನಂಗೊತ್ತು ಸ್ವಾಮಿ. ನೀವು ಮದ್ದು ಸಿಡಿಸಿದ ಸಂಜೆ, ನಮ್ಮಣ್ಣ ಸಾಯೋ ಹಿಂದಿನ ದಿನ. ಅವನು ಸತ್ತ ತಾರೀಕು ಹೊರಗಡೆ ಕಂಬದ ಮೇಲೇ ಇದೆ, ಫೋಟೋ ಸಮೇತ. ಹೋಗಿ ಓದ್ಕೊಂಡು ಬನ್ನಿ."

ಪುರಸಭೆಯ ಅಧ್ಯಕ್ಷೆ ನಿಜಕ್ಕೂ ಗುಮಾಸ್ತನನ್ನು ಕಳಿಸಿ ತಾರೀಕು ಓದಿಸಿದರು. ಚಿತ್ರದ ಕಡತದೊಳಗಿನ ತಾರೀಕಿಗೂ ಅದಕ್ಕೂ ತಾಳೆಯಾಯಿತು. ಗಾರೆ ಕೆತ್ತಿ ನೋಡುವವರೆಗೆ ಮದ್ದು ಸಿಡಿಸುವಂತಿಲ್ಲ ಎಂದರು. ಕೆತ್ತಿದಾಗ ಅದೇ ಬಿರುಕು ಸಿಕ್ಕಿತು. ಚಳಿಗಾಲಕ್ಕೆ ಮೊದಲೇ ಕಂಪನಿಯ ಪರವಾನಗಿ ಅರ್ಜಿ ಬಿದ್ದುಹೋಯಿತು.

ಪ್ಲಮ್ ಹಣ್ಣಿನ ಸಾರಾಯಿ, ರಾಕಿಯಾ, ಒಂದು ಸೀಸೆ ಹಿಡಿದು ಅಂಗಡಿಗೆ ಹೋದೆ. "ಅಕ್ಕ, ನಿನ್ನಿಂದ ಊರು ನೀರು ಕುಡೀತಿದೆ" ಎಂದೆ.

"ಸೀಸೆ ಅಲ್ಲಿಡು. ನಿನ್ನ ಫೋಟೋ ಎಲ್ಲೋ? ನಾನು ಹುಡುಕಿದೆ, ಒಂದೂ ಇಲ್ಲ. ಇರೋದೆಲ್ಲ ಜನಜಂಗುಳಿ ಮಧ್ಯೆ ಬಾಯಿ ತೆರ್ಕೊಂಡು ಕೂಗ್ತಿರೋದು, ಮುಖ ಸಾಸಿವೆ ಕಾಳಷ್ಟು. ನಾಳೆ ನೀನು ಸತ್ರೆ ನಾನು ಏನನ್ನ ಎಳೀಲೋ?"

ಬಿಳಿ ಬಟ್ಟೆಯ ಮುಂದೆ ಸ್ಟೂಲಿನ ಮೇಲೆ ಕೂರಿಸಿದಳು. ಕಾಲರ್ ಸರಿಮಾಡಿದಳು. ಧನ್ಯವಾದ ಹೇಳಲು ಹೊರಟೆ.

"ಬಾಯಿ ಮುಚ್ಚು" ಎಂದಳು.

ಎಷ್ಟೋ ಪೊಲೀಸರು ಹೇಳಿ ಸೋತ ಮಾತು. ಮುಚ್ಚಿದೆ.